ಪುಟ್ಟ ಯುಪಿಎಸ್‌ಗೆ ದೊಡ್ಡ ಬ್ಯಾಟರಿ

ಮೇಜಿನ ಕೆಳಗಿದ್ದ ಯುಪಿಎಸ್‌ನ ಮುಚ್ಚಳ ಬಿಚ್ಚಿದಾಗ ಒಳಗಿನ ಬ್ಯಾಟರಿ ಹೊರಗೆ ಬರಲಿಲ್ಲ. ನಾಲ್ಕು ವರ್ಷ ಟ್ರಾನ್ಸ್‌ಫಾರ್ಮರ್‌ನ ಮಗ್ಗುಲಲ್ಲೇ ಬಿಸಿಯುಂಡು ಕುಳಿತಿದ್ದ ಅದರ ಎರಡೂ ಪಕ್ಕೆಗಳು ಉಬ್ಬಿ ತಗಡಿನ ಗೋಡೆಗೆ ಒತ್ತಿಕೊಂಡಿದ್ದವು. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯುವ ಆತುರವಾಯಿತಾದರೂ, ಉಬ್ಬಿದ ಬ್ಯಾಟರಿಯ ಗೋಡೆಗೆ ಕಬ್ಬಿಣದ ತುದಿ ತಾಗಿಸಬಾರದೆಂದು ತಡೆದುಕೊಂಡು, ತಗಡಿನ ಗೂಡಿನ ತಿರುಪುಗಳನ್ನೇ ಒಂದೊಂದಾಗಿ ಸಡಿಲಿಸಿ, ಗೂಡನ್ನು ಅಗಲಿಸಿ, ಅದನ್ನು ಮೆಲ್ಲಗೆ ಜಾರಿಸಿ ಹೊರತೆಗೆದೆ. ಧನ ತುದಿಯ ಬುಡದಲ್ಲಿ ಹಸಿರು ಬೆರೆತ ಬಿಳಿಯ ಹುಡಿ ಕಟ್ಟಿತ್ತು. ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸಿತು. ಆ ಅಂಕಿ ನೋಡಿದವರು ಬ್ಯಾಟರಿ ಚೆನ್ನಾಗಿದೆ ಎಂದೇ ತಿಳಿಯುತ್ತಾರೆ. ಆದರೆ ಕಾರಿನ ದೀಪದ ಬಲ್ಬೊಂದನ್ನು ಅದಕ್ಕೆ ಜೋಡಿಸಿದ ಅರ್ಧ ನಿಮಿಷದಲ್ಲಿ ಅಂಕಿ 9ಕ್ಕೆ ಕುಸಿಯಿತು. ಹೊರೆ ಹೊರಿಸದೆ ಅಳೆದ ವೋಲ್ಟೇಜು ಬ್ಯಾಟರಿಯ ಆರೋಗ್ಯವನ್ನು ಹೇಳುವುದಿಲ್ಲ ಎಂಬುದನ್ನು ಓದಿ ತಿಳಿದಿದ್ದೆ. ಕಣ್ಣಾರೆ ಕಂಡದ್ದು ಅಂದು.

ಬರವಣಿಗೆ ಮತ್ತು ಪುಟವಿನ್ಯಾಸ ನನ್ನ ಕೆಲಸ. ಕಂಪ್ಯೂಟರ್, ದೊಡ್ಡ ಪರದೆ, ಇಂಟರ್ನೆಟ್ ಮೋಡೆಮ್ ಎಲ್ಲ ಸೇರಿ ಸುಮಾರು 120 ವ್ಯಾಟ್ ಎಳೆಯುತ್ತವೆ. ಯುಪಿಎಸ್‌ನ ಹಣೆಯ ಮೇಲೆ 600 ವಿಎ (ವೋಲ್ಟ್-ಆಂಪಿಯರ್), 360 ವ್ಯಾಟ್ ಎಂದು ಬರೆದಿದೆ. ಒಳಗಿನದು 12 ವೋಲ್ಟ್, 7 ಎಎಚ್‌ನ (ಎಎಚ್ ಎಂದರೆ ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ), ಮುಚ್ಚಿದ ಮಾದರಿಯ ಸೀಸ-ಆಮ್ಲ ಬ್ಯಾಟರಿ. ಹೊಸದರಲ್ಲಿ ಕರೆಂಟು ಹೋದರೆ ಹದಿನೈದು ನಿಮಿಷ ಬರುತ್ತಿತ್ತು. ಈಗ ಎರಡು ನಿಮಿಷವೂ ಬಾಳುತ್ತಿರಲಿಲ್ಲ. ಅದೇ ಅಳತೆಯ ಇನ್ನೊಂದನ್ನು ತಂದು ಕೂರಿಸಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತು. ಆದರೆ ಹೇಗೂ ಬದಲಾಯಿಸುವುದೇ ಆದರೆ ದೊಡ್ಡದನ್ನೇ ಏಕೆ ಹಾಕಬಾರದು, ವೋಲ್ಟೇಜು ಒಂದೇ ಆಗಿದ್ದರೆ ಸಾಕಲ್ಲವೇ, ಡಬ್ಬಿಯಲ್ಲಿ ಹಿಡಿಸದಿದ್ದರೆ ವೈರು ಹೊರಗೆಳೆದು ಪಕ್ಕದಲ್ಲಿ ಇಟ್ಟರಾಯಿತು ಎಂಬ ಯೋಚನೆ ತಲೆಯಲ್ಲಿ ಹೊಕ್ಕಿತು. 42 ಎಎಚ್‌ನ, ಅದೇ ಮುಚ್ಚಿದ ಮಾದರಿಯ ಬ್ಯಾಟರಿಯೊಂದನ್ನು ತಂದೆ. ಎತ್ತಿ ಇಡುವಾಗಲೇ ಸೊಂಟ ಹಿಡಿಯುವಷ್ಟು ಭಾರ. ಆರು ಪಟ್ಟು ದೊಡ್ಡದು, ಆದ್ದರಿಂದ ಆರು ಪಟ್ಟು ಹೊತ್ತು, ಅಂದರೆ ಒಂದೂವರೆ ಗಂಟೆ ಎಂದು ಲೆಕ್ಕ ಹಾಕಿದ್ದೆ.

ಲೆಕ್ಕ ತಪ್ಪಿತ್ತು. ಅದು ತಪ್ಪಿದ ದಿಕ್ಕು ಬಹಳ ಮುಖ್ಯವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬ್ಯಾಟರಿಯ ಮೇಲೆ ಬರೆದಿರುವ 7 ಎಎಚ್ ಎಂಬುದು ಇಪ್ಪತ್ತು ಗಂಟೆಗಳ ಲೆಕ್ಕ. ಗಂಟೆಗಟ್ಟಲೆ ನಿಧಾನವಾಗಿ, 0.35 ಆಂಪಿಯರ್‌ನಂತೆ ಎಳೆದರೆ ಅದು ಇಪ್ಪತ್ತು ಗಂಟೆ ಕೊಡುತ್ತದೆ ಎಂದಷ್ಟೇ ಅದರ ಅರ್ಥ. ನನ್ನ 120 ವ್ಯಾಟಿನ ಹೊರೆಗೆ, ಯುಪಿಎಸ್ ತಾನೇ ಕಳೆದುಕೊಳ್ಳುವುದನ್ನೂ ಸೇರಿಸಿದರೆ, ಬ್ಯಾಟರಿಯಿಂದ ಸುಮಾರು 12 ಆಂಪಿಯರ್ ಹರಿಯುತ್ತದೆ. ಇದು ಆ ನಿಧಾನದ ಲೆಕ್ಕಕ್ಕಿಂತ ಮೂವತ್ತು ಪಟ್ಟಿಗೂ ಮೀರಿದ ಎಳೆತ. ಹದಿನೈದು ನಿಮಿಷ 12 ಆಂಪಿಯರ್ ಎಂದರೆ ಹೊರಬಂದದ್ದು 3 ಎಎಚ್ ಮಾತ್ರ. ಬರೆದಿರುವುದರಲ್ಲಿ ಅರ್ಧವೂ ಇಲ್ಲ. ಉಳಿದದ್ದು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಕೈಗೆ ಸಿಗಲಿಲ್ಲ ಅಷ್ಟೆ. ಸೀಸದ ಫಲಕಗಳು ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರುತ್ತವೆ. ವೇಗವಾಗಿ ವಿದ್ಯುತ್ ಎಳೆದಾಗ ಆ ರಂಧ್ರಗಳ ಒಳಗಿರುವ ಆಮ್ಲ ಬೇಗ ತೀರುತ್ತದೆ, ಹೊರಗಿನ ಆಮ್ಲ ಒಳಗೆ ಇಳಿಯಲು ಹೊತ್ತು ಬೇಕು. ಒರತೆಯ ಬಾವಿಯಿಂದ ಬಿಂದಿಗೆಯ ಮೇಲೆ ಬಿಂದಿಗೆ ಸೇದಿದರೆ ತಳ ಕಾಣಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ನೀರು ನಿಂತಿರುತ್ತದೆ. ಯುಪಿಎಸ್ ಕೂಗಿ ಕೂಗಿ ಆರಿದ ಮೇಲೆ ಒಂದು ಗಂಟೆ ಬಿಟ್ಟು ಅದೇ ಬ್ಯಾಟರಿಯನ್ನು ಅಳೆದರೆ 12 ವೋಲ್ಟಿನ ಹತ್ತಿರ ತೋರಿಸುವುದು ಇದೇ ಕಾರಣಕ್ಕೆ. ಎಳೆತ ಹೆಚ್ಚಿದಂತೆ ಸಿಗುವ ಸಾಮರ್ಥ್ಯ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ ಎಂಬ ವಿಜ್ಞಾನಿ 1897ರಲ್ಲೇ ಸೂತ್ರ ಕಟ್ಟಿಕೊಟ್ಟರು. ಗಾಸ್ತೋನ್ ಪ್ಲಾಂತೆ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿದ್ದು 1859ರಲ್ಲಿ. ಇಷ್ಟು ಹಳೆಯ ತಿಳಿವಳಿಕೆ ಇದು.

ಈಗ ಅದೇ 12 ಆಂಪಿಯರನ್ನು 42 ಎಎಚ್‌ನ ಬ್ಯಾಟರಿಯಿಂದ ಎಳೆದರೆ ಅದಕ್ಕೆ ಅದು ಅಷ್ಟೇನೂ ಅವಸರದ ಎಳೆತವಲ್ಲ. ಒರತೆ ತುಂಬಲು ಹೊತ್ತು ಸಿಗುತ್ತದೆ. ಮೊದಲ ಪರೀಕ್ಷೆಗೆ ಮುನ್ನ ಕಾಗದದ ಮೇಲೆ ತಿದ್ದಿ ಬರೆದ ಲೆಕ್ಕದಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ ಬಂತು. ಬ್ಯಾಟರಿ ಆರು ಪಟ್ಟು, ಸಮಯ ಒಂಬತ್ತು ಪಟ್ಟು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಸಂತೋಷದಲ್ಲೇ, ರೇಡಿಯೊ ಕಾಲದಿಂದಲೂ ರಿಪೇರಿ ಕೆಲಸ ಮಾಡಿಕೊಂಡು ಬಂದ ಹಿರಿಯರೊಬ್ಬರಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಅದಕ್ಕೆ ಫ್ಯಾನ್ ಇದೆಯೇನಪ್ಪ?" ಎಂದರು.

"ಇಲ್ಲ ಸರ್."

"ಹಾಗಾದರೆ ಅದನ್ನು ಮಾಡಿದವನು ಅದು ಎರಡು ಗಂಟೆ ಓಡುತ್ತದೆ ಅಂತ ಅಂದುಕೊಂಡಿರಲಿಲ್ಲ. ಕೈ ಇಟ್ಟು ನೋಡುತ್ತಿರು."

ಕೈಗೆ ಬದಲಾಗಿ ಮಲ್ಟಿಮೀಟರಿನ ಉಷ್ಣತೆ ಅಳೆಯುವ ತಂತಿಯನ್ನು ಒಳಗೆ ಬಿಸಿಯನ್ನು ಹೀರಿ ಹೊರಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಅಂಟಿಸಿ, ಮುಚ್ಚಳ ಹಾಕಿ, ಗೋಡೆಯ ಪ್ಲಗ್ ಆರಿಸಿದೆ. ಕೋಣೆಯಲ್ಲಿ 27 ಡಿಗ್ರಿ ಇತ್ತು. ಐದನೆಯ ನಿಮಿಷಕ್ಕೆ 41. ಹದಿನೈದನೆಯ ನಿಮಿಷಕ್ಕೆ 58. ಹಳೆಯ ಬ್ಯಾಟರಿ ಇದ್ದಿದ್ದರೆ ಯಂತ್ರ ಇಲ್ಲಿಗೆ ಆರಿಹೋಗಿ ತಣ್ಣಗಾಗಲು ತೊಡಗುತ್ತಿತ್ತು. ಈಗ ಆರಲಿಲ್ಲ. ಇಪ್ಪತ್ತೈದಕ್ಕೆ 71. ನಲವತ್ತನೆಯ ನಿಮಿಷಕ್ಕೆ 85 ಡಿಗ್ರಿ ತೋರಿಸುವಾಗ ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಬಳಿದ ವಾರ್ನಿಷ್ ಕಾಯುವ ವಾಸನೆ, ಹೊಸ ಮರದ ಬೀರುವಿನ ಬಾಗಿಲು ತೆರೆದಾಗ ಬರುವಂಥದ್ದು, ಮೂಗಿಗೆ ತಾಗಿತು. ನಾನು ಪರೀಕ್ಷೆ ನಿಲ್ಲಿಸಿದೆ. ಬ್ಯಾಟರಿಯ ವೋಲ್ಟೇಜು ಆಗಲೂ 12ರ ಮೇಲೆಯೇ ಇತ್ತು.

ಆಗ ನನಗೆ ಈ ಪುಟ್ಟ ಯಂತ್ರದ ಒಳಗಿನ ಒಪ್ಪಂದ ಅರ್ಥವಾಯಿತು. ಹದಿನೈದು ನಿಮಿಷದಲ್ಲಿ ಆರಿಹೋಗುವ ಯಂತ್ರಕ್ಕೆ ದೊಡ್ಡ ಹೀಟ್‌ಸಿಂಕ್ ಬೇಡ, ಫ್ಯಾನ್ ಬೇಡ, ದಪ್ಪ ತಂತಿಯ ಟ್ರಾನ್ಸ್‌ಫಾರ್ಮರ್ ಬೇಡ. ಅಷ್ಟು ಹೊತ್ತು ತಾಮ್ರ ಮತ್ತು ಕಬ್ಬಿಣದ ತೂಕವೇ ಬಿಸಿಯನ್ನು ನುಂಗಿಕೊಳ್ಳುತ್ತದೆ. 360 ವ್ಯಾಟ್ ಎಂಬ ಬರಹ ಆ ಹದಿನೈದು ನಿಮಿಷದ ಒಳಗಿನ ಮಾತು. ಸಣ್ಣ ಬ್ಯಾಟರಿ ಬೇಗ ಸೋಲುವುದನ್ನು ನಾನು ಯಂತ್ರದ ಕೊರತೆ ಎಂದುಕೊಂಡಿದ್ದೆ. ವಾಸ್ತವದಲ್ಲಿ ಅದೇ ಅದರ ಕಾವಲು. ಹೊತ್ತು ಮೀರದಂತೆ ನೋಡಿಕೊಳ್ಳುವ ಗಡಿಯಾರವನ್ನು ಕಿತ್ತು, ಅದರ ಜಾಗದಲ್ಲಿ ಮತ್ತೇನನ್ನೂ ಇಡದೆ ಬಿಟ್ಟಂತಾಗಿತ್ತು ನನ್ನ ಕೆಲಸ. ಇಂಥ ಯಂತ್ರ ಯಾರೂ ಇಲ್ಲದ ಕೋಣೆಯಲ್ಲಿ, ಬಟ್ಟೆಯ ಪರದೆಯ ಪಕ್ಕದಲ್ಲಿ, ಎರಡು ಗಂಟೆ ಓಡುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಲ್ಲಿಂದ ಮುಂದೆ ಪ್ರತಿಯೊಂದು ಭಾಗವನ್ನೂ ಇದೇ ಪ್ರಶ್ನೆ ಹಿಡಿದು ನೋಡತೊಡಗಿದೆ: ಇದನ್ನು ಎಷ್ಟು ದೊಡ್ಡ ಬ್ಯಾಟರಿಗೆಂದು ಮಾಡಿದ್ದಾರೆ?

ಚಾರ್ಜರಿನಿಂದ ಬ್ಯಾಟರಿಗೆ ಹೋಗುತ್ತಿದ್ದ ವಿದ್ಯುತ್ತನ್ನು ಅಳೆದರೆ ಹೆಚ್ಚೆಂದರೆ 0.8 ಆಂಪಿಯರ್. 7 ಎಎಚ್‌ಗೆ ಅದು ಹದವಾದ ಪ್ರಮಾಣ. 42 ಎಎಚ್‌ನ ಬ್ಯಾಟರಿಯಿಂದ 28 ಎಎಚ್ ಖರ್ಚಾಯಿತು ಎಂದುಕೊಂಡರೆ, ನಷ್ಟವನ್ನೂ ಸೇರಿಸಿ ಅದನ್ನು ತುಂಬಲು ಎರಡು ದಿನಕ್ಕೆ ಸ್ವಲ್ಪ ಕಡಮೆ ಬೇಕು. ದಿನಕ್ಕೊಮ್ಮೆ ಬಹಳ ಹೊತ್ತು ಕರೆಂಟು ಹೋಗುವ ಕಡೆ ಈ ಬ್ಯಾಟರಿ ಎಂದಿಗೂ ಪೂರ್ತಿ ತುಂಬುವುದಿಲ್ಲ. ಅರೆತುಂಬಿದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟುತ್ತ ಹೋಗುತ್ತದೆ, ಮತ್ತೆ ಕರಗಿಸಲು ಆಗುವುದಿಲ್ಲ. ದೊಡ್ಡ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ ಎಂದು ತಂದವರ ಮನೆಯಲ್ಲಿ ಅದು ಸಣ್ಣದಕ್ಕಿಂತ ಬೇಗ ಸಾಯುವುದು ಹೀಗೆ. ಚಾರ್ಜರಿನ ವೋಲ್ಟೇಜು ಮಾತ್ರ ಸರಿಯಾಗಿತ್ತು, 13.65. ಮುಚ್ಚಿದ ಸೀಸದ ಬ್ಯಾಟರಿಯನ್ನು ಸದಾ ತುಂಬಿಟ್ಟಿರಲು 25 ಡಿಗ್ರಿಯಲ್ಲಿ 13.5ರಿಂದ 13.8ರವರೆಗೆ ಬೇಕು, ಬ್ಯಾಟರಿ ಸಣ್ಣದಾದರೂ ದೊಡ್ಡದಾದರೂ ಇದು ಬದಲಾಗುವುದಿಲ್ಲ.

ವೈರಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ ಎಂದು ನನ್ನ ಅನಿಸಿಕೆ. ಒಳಗಿದ್ದ ಗೇಣುದ್ದದ ತಂತಿ 1.5 ಚದರ ಮಿಲಿಮೀಟರಿನದು. ಅದೇ ದಪ್ಪದ ತಂತಿಯನ್ನು ಹೊರಗಿನ ಬ್ಯಾಟರಿಯವರೆಗೆ ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್ ಎಂದು ಎಳೆದರೆ ಅದರ ತಡೆ ಸುಮಾರು 24 ಮಿಲಿಓಮ್ ಆಗುತ್ತದೆ. ಕೇಳಲು ಏನೂ ಅಲ್ಲ ಎನ್ನಿಸುವ ಅಂಕಿ. ಆದರೆ ಯುಪಿಎಸ್ ಪೂರ್ತಿ ಹೊರೆಯಲ್ಲಿ 36 ಆಂಪಿಯರ್ ಎಳೆದಾಗ ದಾರಿಯಲ್ಲೇ 0.86 ವೋಲ್ಟ್ ಕಳೆದುಹೋಗುತ್ತದೆ. 10.5 ವೋಲ್ಟಿಗೆ ಇಳಿದರೆ ನಿಲ್ಲಬೇಕು ಎಂದು ತಿಳಿದಿರುವ ಯಂತ್ರ, ಬ್ಯಾಟರಿಯಲ್ಲಿ ಇನ್ನೂ 11.4 ಇರುವಾಗಲೇ ಮುಗಿಯಿತು ಎಂದು ಕೂಗುತ್ತದೆ; ಕಳೆದುಹೋದ ಅಷ್ಟೂ ಶಕ್ತಿ ವೈರಿನ ಹೊದಿಕೆಯೊಳಗೆ ಬಿಸಿಯಾಗಿ ಕೂರುತ್ತದೆ. ಇನ್ನೊಂದು ಮಾತೆಂದರೆ, ಹೊರೆಯ ವ್ಯಾಟ್ ಬದಲಾಗದ ಕಾರಣ ಬ್ಯಾಟರಿಯ ವೋಲ್ಟೇಜು ಇಳಿದಷ್ಟೂ ಯಂತ್ರ ಹೆಚ್ಚು ಆಂಪಿಯರ್ ಎಳೆಯುತ್ತದೆ, ಕೊನೆಯ ಗಳಿಗೆಗೆ 40ನ್ನೂ ದಾಟಬಹುದು. ನಾನು 10 ಚದರ ಮಿಲಿಮೀಟರಿನ ಮೆದು ತಂತಿ ಹಾಕಿದೆ. ಅದರ ತುದಿಗಳಿಗೆ, ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಲಗ್‌ಗಳನ್ನು ಒತ್ತುವ ಇಕ್ಕಳದಿಂದ ಒತ್ತಿಸಿಕೊಂಡು ಬಂದೆ. ಸುತ್ತಿ ಟೇಪು ಹಚ್ಚಿದ ಜೋಡಣೆಗೆ ಇಲ್ಲಿ ಜಾಗವಿಲ್ಲ.

ಫ್ಯೂಸಿನ ಬಗ್ಗೆ ನನಗೆ ರಾಜಿ ಇಲ್ಲ. ಈ ಗಾತ್ರದ ಬ್ಯಾಟರಿಯ ಒಳತಡೆ ಎಂಟು ಮಿಲಿಓಮ್‌ನ ಆಸುಪಾಸು. ಎರಡು ತುದಿಗಳನ್ನು ಸ್ಪ್ಯಾನರೊಂದು ಅಕಸ್ಮಾತ್ ಕೂಡಿಸಿದರೆ ಸಾವಿರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ, ಸ್ಪ್ಯಾನರ್ ಕೈಯಲ್ಲೇ ಕೆಂಪಗಾಗುತ್ತದೆ. ಯುಪಿಎಸ್‌ನ ಬೋರ್ಡಿನ ಮೇಲೆ ಫ್ಯೂಸ್ ಇದೆ, ಸಾಕು ಎನ್ನುವವರಿದ್ದಾರೆ. ಆ ಫ್ಯೂಸ್ ಬೋರ್ಡನ್ನು ಕಾಯುತ್ತದೆ, ಬೋರ್ಡಿನಿಂದ ಬ್ಯಾಟರಿಯವರೆಗಿನ ತಂತಿಯನ್ನು ಕಾಯುವುದಿಲ್ಲ. ಕುರ್ಚಿಯ ಕಾಲಿನಡಿ ಸಿಕ್ಕಿ ಆ ತಂತಿ ಜಜ್ಜಿಹೋದರೆ ತಡೆಯುವವರಿಲ್ಲ. ಅದಕ್ಕಾಗಿ ಧನ ತುದಿಯಿಂದ ಒಂದು ಗೇಣಿನ ಒಳಗೆ, ನೇರ ವಿದ್ಯುತ್ತಿಗೆಂದೇ ಮಾಡಿದ 50 ಆಂಪಿಯರಿನ ಫ್ಯೂಸ್ ಕೂರಿಸಿದೆ. ಜೋಡಿಸುವಾಗ ಉಂಗುರ, ಗಡಿಯಾರ ತೆಗೆದಿಟ್ಟೆ. ಸ್ಪ್ಯಾನರಿನ ಹಿಡಿಗೆ ಪ್ಲಾಸ್ಟಿಕ್ ಟೇಪು ಸುತ್ತಿದೆ.

ಇದಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಕಾಣದ್ದು. 12 ವೋಲ್ಟ್ ಮುಟ್ಟಿದರೆ ಏನೂ ಆಗುವುದಿಲ್ಲ ಎಂಬ ಮಾತು ಕಾರಿನ ಬ್ಯಾಟರಿಗೆ ಸರಿ. ಆದರೆ ಕೆಲವು ಯುಪಿಎಸ್‌ಗಳ ಒಳಗಿನ ಸರ್ಕೀಟಿನಲ್ಲಿ ಬ್ಯಾಟರಿಯ ಕಡೆಯನ್ನು ಗೋಡೆಯ ವಿದ್ಯುತ್ತಿನಿಂದ ಬೇರ್ಪಡಿಸಿರುವುದಿಲ್ಲ. ಬ್ಯಾಟರಿ ಡಬ್ಬಿಯ ಒಳಗೇ ಇರುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಅದು ನಡೆಯುತ್ತದೆ. ಅದೇ ಬ್ಯಾಟರಿಯನ್ನು ಹೊರಗೆ ತಂದು ನೆಲದ ಮೇಲೆ ತೆರೆದಿಟ್ಟರೆ, ಕಸ ಗುಡಿಸುವವರ ಕೈಗೆ, ಅಂಬೆಗಾಲಿಡುವ ಮಗುವಿನ ಕೈಗೆ ಗೋಡೆಯ ವಿದ್ಯುತ್ತೇ ತಾಗಬಹುದು. ಬ್ಯಾಟರಿಯ ಋಣ ತುದಿ ಮತ್ತು ಭೂಸಂಪರ್ಕದ ನಡುವೆ ಎಸಿ ವೋಲ್ಟೇಜನ್ನು ಎರಡು ಬಾರಿ, ಗೋಡೆಯ ವಿದ್ಯುತ್ತಿನಲ್ಲಿ ಓಡುವಾಗ ಒಮ್ಮೆ ಮತ್ತು ಬ್ಯಾಟರಿಯಲ್ಲಿ ಓಡುವಾಗ ಒಮ್ಮೆ, ಅಳೆದೆ. ನನ್ನದರಲ್ಲಿ ಅಪಾಯದ ಅಂಕಿ ಬರಲಿಲ್ಲ. ಹಾಗಿದ್ದರೂ ಬ್ಯಾಟರಿಯನ್ನು ಗಾಳಿಯ ಕಿಂಡಿಗಳಿರುವ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ತುದಿಗಳಿಗೆ ರಬ್ಬರ್ ಟೋಪಿ ಹಾಕಿದೆ. ಯಂತ್ರದ ಮುಚ್ಚಳ ತೆರೆದು ಅಳೆಯುವ ಧೈರ್ಯ ಮತ್ತು ಅಭ್ಯಾಸ ಇಲ್ಲದವರು ಈ ಹಂತವನ್ನು ತಿಳಿದವರಿಂದಲೇ ಮಾಡಿಸಬೇಕು.

ಪೆಟ್ಟಿಗೆಗೆ ಕಿಂಡಿ ಏಕೆಂದರೆ, ಮುಚ್ಚಿದ ಬ್ಯಾಟರಿಯೂ ಅತಿಯಾಗಿ ಚಾರ್ಜಾದರೆ ತನ್ನ ಕವಾಟದಿಂದ ಜಲಜನಕವನ್ನು ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಕಿಡಿ ತಾಗಿ ಹೊತ್ತಿಕೊಳ್ಳಬಲ್ಲದು. ನೀರು ಹಾಕುವ ಮಾದರಿಯ ಬ್ಯಾಟರಿಯಲ್ಲಿ ಇದು ಇನ್ನೂ ಹೆಚ್ಚು. ಅದನ್ನು ಮಲಗುವ ಕೋಣೆಯಲ್ಲಿ ಇಡಬಾರದು. ಕಾರಿನ ಬ್ಯಾಟರಿಯೂ ಈ ಕೆಲಸಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅದರ ತೆಳು ಫಲಕಗಳು ಕ್ಷಣಕಾಲ ಭಾರಿ ವಿದ್ಯುತ್ ಕೊಡಲೆಂದು ಇರುವಂಥವು, ಆಳದವರೆಗೆ ಬರಿದಾಗಲೆಂದು ಅಲ್ಲ. ಲೀಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯನ್ನು ನಾನು ಆರಿಸಲಿಲ್ಲ. ಅದರ ವೋಲ್ಟೇಜು ಕೊನೆಯವರೆಗೂ ಇಳಿಯದೆ ನಿಂತು ಒಮ್ಮೆಲೇ ಬೀಳುವುದರಿಂದ, ವೋಲ್ಟೇಜು ನೋಡಿ ಎಚ್ಚರಿಕೆ ಕೂಗುವ ಈ ಹಳೆಯ ಯಂತ್ರಕ್ಕೆ ಕೂಗಲು ಹೊತ್ತೇ ಸಿಗುವುದಿಲ್ಲ.

ಕೊನೆಗೆ ನಾನು ಮಾಡಿದ್ದು ಹೊರೆಯನ್ನು ಅರ್ಧಕ್ಕೆ ಇಳಿಸಿದ್ದು. ಕರೆಂಟು ಹೋದಾಗ ದೊಡ್ಡ ಪರದೆ ಆರುತ್ತದೆ. ಲ್ಯಾಪ್‌ಟಾಪ್, ಮೋಡೆಮ್ ಮತ್ತು ಮೇಜಿನ ದೀಪ ಸೇರಿ 60 ವ್ಯಾಟ್ ಮೀರುವುದಿಲ್ಲ. ಯುಪಿಎಸ್‌ನ ತಗಡಿಗೆ ತೂತು ಕೊರೆದು, ಹೀಟ್‌ಸಿಂಕ್ 45 ಡಿಗ್ರಿ ಮುಟ್ಟಿದಾಗ ತಾನಾಗಿ ಕೂಡುವ ಉಷ್ಣ ಸ್ವಿಚ್ಚಿನ ಮೂಲಕ 12 ವೋಲ್ಟಿನ ಪುಟ್ಟ ಫ್ಯಾನ್ ಜೋಡಿಸಿದೆ. ಮತ್ತೆ ಪರೀಕ್ಷೆ ಮಾಡಿದಾಗ, ಫ್ಯಾನ್ ಬಿಚ್ಚಿಟ್ಟಿದ್ದರೂ ಉಷ್ಣತೆ ಐವತ್ತನೆಯ ನಿಮಿಷಕ್ಕೆ 61ರಲ್ಲಿ ನಿಂತಿತು, ಫ್ಯಾನ್ ಇದ್ದಾಗ 47ರಲ್ಲಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಏರುವುದನ್ನು ನಿಲ್ಲಿಸಿತು ಎನ್ನುವುದು ನನಗೆ ನೆಮ್ಮದಿ ಕೊಟ್ಟಿತು. ಮೊದಲ ಸಲ ಅದು ನಿಲ್ಲುವ ಸೂಚನೆಯನ್ನೇ ತೋರಿಸಿರಲಿಲ್ಲ. ಈ ಹೊರೆಗೆ ಬ್ಯಾಟರಿ ಐದು ಗಂಟೆಯ ಹತ್ತಿರ ಬರುತ್ತದೆ. ಒಂದು ಗಂಟೆ ಬಳಸಿದರೆ ಸುಮಾರು 7 ಎಎಚ್ ಖರ್ಚು, ರಾತ್ರಿ ಕಳೆಯುವುದರಲ್ಲಿ ಆ ಸಣ್ಣ ಚಾರ್ಜರೇ ಅದನ್ನು ತುಂಬಿರುತ್ತದೆ. ಎಂದಾದರೂ ತಳದವರೆಗೆ ಬರಿದಾದರೆ ಯುಪಿಎಸ್‌ನಿಂದ ಬಿಚ್ಚಿ, 4 ಆಂಪಿಯರಿನ ಬೇರೆ ಚಾರ್ಜರಿಗೆ ಹಾಕುತ್ತೇನೆ. ಎರಡು ಚಾರ್ಜರುಗಳನ್ನು ಒಟ್ಟಿಗೆ ಜೋಡಿಸಿ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಒಂದು ಲಾಭ ಎಣಿಸದೆಯೇ ಬಂತು. ಸೀಸದ ಬ್ಯಾಟರಿಯ ಆಯುಸ್ಸು ಎಂಟು-ಹತ್ತು ಡಿಗ್ರಿ ಬಿಸಿ ಹೆಚ್ಚಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಳೆಯದು ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಬೆಂದು ಉಬ್ಬಿತು. ಹೊಸದು ಒಂದು ಮೀಟರ್ ದೂರದಲ್ಲಿ ಕೋಣೆಯ ತಂಪಿನಲ್ಲಿ ಕುಳಿತಿದೆ. ಅದರ ಮೈಮೇಲೆ ಜೋಡಿಸಿದ ತಾರೀಖು ಬರೆದಿದ್ದೇನೆ, ಆರು ತಿಂಗಳಿಗೊಮ್ಮೆ ಹೊರೆ ಹೊರಿಸಿ ಅಳೆದ ಅಂಕಿಯನ್ನು ಅದರ ಕೆಳಗೆ ಸೇರಿಸುತ್ತೇನೆ.

ಈ ಏರ್ಪಾಡು ನೋಡಿದ ತಂಗಿ, "ಅಣ್ಣಾ, ನನ್ನ ಯುಪಿಎಸ್‌ಗೂ ಹೀಗೇ ದೊಡ್ಡದು ಹಾಕಿಕೊಡು" ಎಂದಳು. ಅವಳದೂ ಅದೇ ಅಳತೆಯ ಯಂತ್ರ, ಅದೇ ಮುದಿಯಾದ 7 ಎಎಚ್. ಕರೆಂಟು ಹೋದ ಮೇಲೆ ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಮಾಡುತ್ತಿದ್ದ ಕೆಲಸವನ್ನು ಉಳಿಸಿ ಕಂಪ್ಯೂಟರ್ ಮುಚ್ಚಲು ಹತ್ತು ನಿಮಿಷ ಸಿಕ್ಕರೆ ಸಾಕು ಎಂದಳು. 151 ಮಿಲಿಮೀಟರ್ ಉದ್ದ, 65 ಅಗಲದ ಅದೇ ಗೂಡಿನಲ್ಲಿ ಹಿಡಿಸುವ 9 ಎಎಚ್‌ನ ಬ್ಯಾಟರಿ ತಂದೆ. ಅದರ ತುದಿಯ ಪಟ್ಟಿಗಳು 6.35 ಮಿಲಿಮೀಟರ್ ಅಗಲ, ಹಳೆಯ ತಂತಿಯ ಕೊಂಡಿಗಳು 4.75ರವು; ಹಿಗ್ಗಿಸಿ ತುರುಕದೆ ಹೊಸ ಕೊಂಡಿಗಳನ್ನು ಒತ್ತಿಸಿ ಹಾಕಿದೆ. ಅವು ಬಿಗಿಯಾಗಿ ಕುಳಿತವು, ಬ್ಯಾಟರಿ ಗೂಡಿನೊಳಕ್ಕೆ ಸಲೀಸಾಗಿ ಜಾರಿತು, ಮುಚ್ಚಳದ ನಾಲ್ಕು ತಿರುಪುಗಳನ್ನು ಅವಳೇ ಬಿಗಿದಳು.